ಸಾರ್ಕೀಸ್ ಸಹೋದರರ ಹೋಟೆಲುಗಳಲ್ಲಿ ಅಪ್ಪಯ್ಯನ ಜೊತೆ

ಮೊದಲ ದಿನ, ಪೆನಾಂಗ್

ಕಾರಿನಿಂದ ಇಳಿದು ಕತ್ತೆತ್ತಿ ನೋಡಿದ ಅಪ್ಪಯ್ಯ ಕೇಳಿದ ಮೊದಲ ಮಾತು, "ಮಾಣಿ, ಇದು ಹೋಟೆಲೋ, ಲಾಡ್ಜೋ?"

ಸರಿಯಾದ ಪ್ರಶ್ನೆಯೇ. ಕುಂದಾಪುರದ ಕಡೆಯ ನಮಗೆ ಹೋಟೆಲ್ ಎಂದರೆ ತಿಂಡಿ, ಕಾಫಿ, ಊಟ. ಮಲಗುವುದಕ್ಕೆ ಬೇರೆ ಜಾಗವಿದೆ, ಅದರ ಹೆಸರು ಲಾಡ್ಜು. "ಹೋಟೆಲಿನಲ್ಲಿದ್ದಾನೆ" ಎಂದರೆ ಅಲ್ಲಿ ಉಳಿದುಕೊಂಡಿದ್ದಾನೆ ಎಂದಲ್ಲ, ಅಲ್ಲಿ ದುಡಿಯುತ್ತಿದ್ದಾನೆ ಎಂದರ್ಥ. ಅಪ್ಪಯ್ಯ ಆ ಅರ್ಥದಲ್ಲಿ ನಲವತ್ತೆರಡು ವರ್ಷ ಹೋಟೆಲಿನಲ್ಲಿದ್ದವರು. ಹನ್ನೆರಡನೆಯ ವಯಸ್ಸಿಗೆ ಮುಂಬಯಿಯ ಕೋಟೆ ಪ್ರದೇಶದ ಒಂದು ಉಡುಪಿ ಹೋಟೆಲಿಗೆ ಕ್ಲೀನರ್ ಆಗಿ ಸೇರಿದರು. ರಾತ್ರಿಶಾಲೆಯಲ್ಲಿ ಕನ್ನಡ ಓದಿದರು. ಸಪ್ಲಾಯರ್ ಆದರು, ಹನ್ನೊಂದು ವರ್ಷ ಕಾಫಿ ಮಾಡಿದರು, ಕೊನೆಗೆ ಗಲ್ಲೆಯಲ್ಲಿ ಕುಳಿತರು. ಅಪೋಲೋ ಬಂದರಿನ ತಾಜ್ ಹೋಟೆಲಿನ ಮುಂದೆ ರಜೆಯ ದಿನಗಳಲ್ಲಿ ಎಷ್ಟೋ ಸಲ ನಡೆದಿದ್ದರು. ಒಳಗೆ ಒಮ್ಮೆಯೂ ಹೋಗಿರಲಿಲ್ಲ. ನಾನು ಬ್ಯಾಂಕಿನಿಂದ ನಿವೃತ್ತನಾದಾಗ ಕೈಗೆ ಬಂದ ಹಣದಲ್ಲಿ ಮೊದಲು ಮಾಡಬೇಕೆಂದುಕೊಂಡದ್ದು ಇದನ್ನೇ: ಎಂಬತ್ತು ತುಂಬಿದ ಅಪ್ಪಯ್ಯನನ್ನು ಲೋಕದ ಹೆಸರುವಾಸಿ ಹೋಟೆಲುಗಳಲ್ಲಿ ಗಿರಾಕಿಯಾಗಿ ಕೂರಿಸುವುದು.

ಸಾರ್ಕೀಸರನ್ನು ಆರಿಸಿಕೊಂಡದ್ದಕ್ಕೆ ಕಾರಣ ಅವರು ಅಣ್ಣತಮ್ಮಂದಿರು ಎಂಬುದು. ಮಾರ್ಟಿನ್, ಟಿಗ್ರಾನ್, ಅವಿಯೆಟ್, ಅರ್ಷಾಕ್ ಎಂಬ ನಾಲ್ವರು. ಪರ್ಷಿಯಾದ ಇಸ್ಫಹಾನಿನಲ್ಲಿ ನೆಲೆಸಿದ್ದ ಅರ್ಮೇನಿಯನ್ ಮನೆತನದವರು. ಊರು ಬಿಟ್ಟು ಸಮುದ್ರ ದಾಟಿ ಬಂದು, ಒಬ್ಬರನ್ನೊಬ್ಬರು ಕರೆಸಿಕೊಂಡು ಹೋಟೆಲ್ ಕಟ್ಟಿದವರು. ನಮ್ಮ ಕರಾವಳಿಯ ಎಷ್ಟು ಮನೆಗಳ ಕತೆ ಹೀಗೆಯೇ ಅಲ್ಲವೇ! ಪೆನಾಂಗಿನ ಈಸ್ಟರ್ನ್ ಅಂಡ್ ಓರಿಯೆಂಟಲ್ ಹೋಟೆಲಿನ ಹುಟ್ಟು 1885ರದ್ದು. ಸಿಂಗಪುರದ ರಾಫಲ್ಸ್ 1887ರದ್ದು. ರಂಗೂನಿನ ಸ್ಟ್ರಾಂಡ್ 1901ರದ್ದು. ಮೂರೂ ಬ್ರಿಟಿಷರ ಬಂದರು ಪಟ್ಟಣಗಳು. ಉಗಿಹಡಗಿನಿಂದ ಇಳಿದವನು ಒಂದೂರಿನಿಂದ ಇನ್ನೊಂದೂರಿಗೆ ಹೋದರೂ ಸಾರ್ಕೀಸರ ಹಾಸಿಗೆಯಲ್ಲೇ ಮಲಗುವಂತೆ ಅವರು ಲೆಕ್ಕ ಹಾಕಿದ್ದರು.

ಈಸ್ಟರ್ನ್ ಅಂಡ್ ಓರಿಯೆಂಟಲನ್ನು ಅಲ್ಲಿ ಎಲ್ಲರೂ ಇ ಅಂಡ್ ಓ ಎನ್ನುತ್ತಾರೆ. ಬಿಳಿಯ ಕಟ್ಟಡ. ಮುಂಬಾಗಿಲು ಫರ್ಕುಹಾರ್ ಬೀದಿಗೆ, ಬೆನ್ನು ಪೂರ್ತಿ ಸಮುದ್ರಕ್ಕೆ. ಹಿಂಭಾಗದ ಹುಲ್ಲುಹಾಸಿನ ಅಂಚಿನಲ್ಲಿ ಹಳೆಯ ಫಿರಂಗಿಗಳು ನೀರಿನತ್ತ ಬಾಯಿ ಮಾಡಿ ನಿಂತಿವೆ. ಅಲ್ಲೇ ಒಂದು ಭಾರಿ ಜಾವಾ ಮರವಿದೆ. ಸಂಜೆ ಅದರ ಬಳಿ ಕುಳಿತಾಗ ಅಪ್ಪಯ್ಯ ಸಮುದ್ರದತ್ತ ನೋಡಲೇ ಇಲ್ಲ. ತಟ್ಟೆ ಹಿಡಿದು ಬರುತ್ತಿದ್ದ ಹುಡುಗರ ಕೈಗಳನ್ನು ನೋಡುತ್ತಿದ್ದರು. "ಎಡಗೈ ಗಟ್ಟಿಯಿದೆ. ಒಳ್ಳೆಯ ಕಡೆ ಕಲಿತಿದ್ದಾನೆ" ಎಂದರು ಒಬ್ಬನನ್ನು ಕುರಿತು.

ಎರಡನೆಯ ದಿನ

ಬೆಳಿಗ್ಗೆ ಜಾರ್ಜ್ ಟೌನಿನಲ್ಲಿ ಸುತ್ತಾಟ. ಈ ಪೇಟೆ 2008ರಿಂದ ಮಲಾಕಾದ ಜೊತೆಗೆ ಯುನೆಸ್ಕೊ ಪಟ್ಟಿಯಲ್ಲಿದೆ. ಕ್ವೀನ್ ಬೀದಿಯ ಮಾರಿಯಮ್ಮನ ಗುಡಿಗೆ ಕೈಮುಗಿದು, ಬಿಸಿಲೇರುವ ಹೊತ್ತಿಗೆ ಕೆಂಗ್ ಕ್ವೀ ಗಲ್ಲಿಯಲ್ಲಿ ಚೆಂಡೋಲ್ ತಿಂದೆವು. ಅಕ್ಕಿಹಿಟ್ಟಿನಿಂದ ಒತ್ತಿದ ಹಸಿರು ಎಳೆಗಳು, ತೆಂಗಿನ ಹಾಲು, ತಾಳೆಬೆಲ್ಲ, ಅಲಸಂದೆಯಂಥ ಕೆಂಪು ಕಾಳು, ಮೇಲೆ ತುರಿದ ಮಂಜುಗಡ್ಡೆ. ಅಪ್ಪಯ್ಯ ಮೊದಲ ಚಮಚಕ್ಕೇ ಹೇಳಿದರು, "ಇದು ಒತ್ತು ಶಾವಿಗೆ, ಕಾಯಿಹಾಲು." ನಿಜಕ್ಕೂ ಅದೇ. ಮಂಜುಗಡ್ಡೆಯೊಂದನ್ನು ಬಿಟ್ಟರೆ ನಮ್ಮ ಅಡುಗೆಮನೆಯಿಂದ ಎದ್ದು ಬಂದಂತಿತ್ತು. ಬೀದಿಯಲ್ಲಿ ನಿಂತು ತಿಂದ ಆ ಬಟ್ಟಲು ಈ ಪ್ರವಾಸದ ಅತಿ ಅಗ್ಗದ ತಿನಿಸು. ನನ್ನ ನಾಲಗೆಯಲ್ಲಿ ಇನ್ನೂ ಉಳಿದಿರುವುದೂ ಅದೇ.

ಮಧ್ಯಾಹ್ನ ಲೀತ್ ಬೀದಿಯ ನೀಲಿ ಬಂಗಲೆ. ಚೀನಾದಿಂದ ಬರಿಗೈಯಲ್ಲಿ ಬಂದು ಆಗ್ನೇಯ ಏಷ್ಯಾದ ದೊಡ್ಡ ಸಿರಿವಂತನಾದ ಚಿಯೊಂಗ್ ಫಾಟ್ ಝೆ ಎಂಬ ವರ್ತಕ ಕಟ್ಟಿಸಿದ ಮನೆ ಇದು. ಮೂವತ್ತೆಂಟು ಕೋಣೆಗಳು, ಐದು ಅಂಗಳಗಳು, ಏಳು ಮೆಟ್ಟಿಲುಸಾಲುಗಳು, 220 ಕಿಟಕಿಗಳು. 1916ರಲ್ಲಿ ಯಜಮಾನ ತೀರಿಕೊಂಡ ಮೇಲೆ ಮನೆ ಕ್ರಮೇಣ ಬಾಡಿಗೆದಾರರ ಕೈಗೆ ಬಿದ್ದು ಹಾಳಾಯಿತು. ಈಗ ರಿಪೇರಿಯಾಗಿ ಹೋಟೆಲ್ ಆಗಿದೆ. ಗೋಡೆಯ ಆ ನೀಲಿ ಬಣ್ಣ ಭಾರತದಿಂದ ತರಿಸಿದ ನೀಲಿಯನ್ನು ಸುಣ್ಣಕ್ಕೆ ಬೆರೆಸಿ ಬಳಿದದ್ದು ಎಂದು ಮನೆ ತೋರಿಸುವಾಕೆ ವಿವರಿಸಿದಳು. ನಾನು ಅದನ್ನು ಕನ್ನಡದಲ್ಲಿ ಹೇಳಿದಾಗ ಅಪ್ಪಯ್ಯ ಗೋಡೆಯ ಮೇಲೆ ಅಂಗೈಯಿಟ್ಟು ಬಹಳ ಹೊತ್ತು ನಿಂತರು. ದೀಪಾವಳಿಗೆ ಮೊದಲು ಸುಣ್ಣಕ್ಕೆ ಒಂದು ಚಿಟಿಕೆ ನೀಲಿ ಹಾಕುತ್ತಿದ್ದ ತಮ್ಮ ತಾಯಿಯ ನೆನಪಾಯಿತಂತೆ.

ರಾತ್ರಿ ಅದೇ ಬಂಗಲೆಯಲ್ಲಿ ಊಟ. ಮುಂಚಿತವಾಗಿ ತಿಳಿಸಿದ್ದರಿಂದ ಸಸ್ಯಾಹಾರವನ್ನು ಶ್ರದ್ಧೆಯಿಂದ ಮಾಡಿದ್ದರು. ಆದರೆ ತಟ್ಟೆಯ ಅಲಂಕಾರ ಹೆಚ್ಚು, ರುಚಿ ಕಡಿಮೆ. ಅಂಗಳದ ಮೇಲಿನ ತೆರೆದ ಆಕಾಶದಿಂದ ಸಣ್ಣ ಮಳೆ ಬಂತು. ಊಟಕ್ಕಿಂತ ಆ ಮಳೆಯೇ ನೆನಪಿನಲ್ಲಿದೆ.

ಮೂರನೆಯ ದಿನ

ಅಪ್ಪಯ್ಯ ಐದಕ್ಕೇ ಎದ್ದು ಸ್ನಾನ ಮುಗಿಸಿ ಕುರ್ಚಿಯ ತುದಿಯಲ್ಲಿ ಕುಳಿತಿದ್ದರು. "ಇಲ್ಲಿನ ಕಾಫಿ ಬೇಡ. ಊರವರು ಕುಡಿಯುವ ಕಾಫಿ ಎಲ್ಲಿದೆ, ಕರೆದುಕೊಂಡು ಹೋಗು" ಎಂದರು. ಹೋಟೆಲಿನ ಬೆಳಗಿನ ಉಪಾಹಾರದ ಮೇಜುಗಳನ್ನು ಬಿಟ್ಟು ಹಳೆಯ ಕೋಪಿಟಿಯಾಮ್ ಒಂದಕ್ಕೆ ಹೋದೆವು. ಕೋಪಿ ಮಲಯ ಮಾತು, ಟಿಯಾಮ್ ಎಂದರೆ ಹೊಕ್ಕಿಯೆನ್ ಚೀನೀ ಭಾಷೆಯಲ್ಲಿ ಅಂಗಡಿ. ಅಮೃತಶಿಲೆಯ ದುಂಡು ಮೇಜುಗಳು, ಬಾಗಿಸಿದ ಮರದ ಕುರ್ಚಿಗಳು. ನಮ್ಮ ಹಳೆಯ ಉಡುಪಿ ಹೋಟೆಲುಗಳಲ್ಲೂ ಇಂಥ ಮೇಜುಗಳೇ ಇದ್ದವು.

ಇಲ್ಲಿ ಸ್ವಲ್ಪ ನಿಂತು ಹೇಳಬೇಕಾದ ಸಂಗತಿಯಿದೆ. ಮಲಯ ಮತ್ತು ಸಿಂಗಪುರದ ಬ್ರಿಟಿಷರ ಮನೆಗಳಲ್ಲಿ, ಹಡಗುಗಳಲ್ಲಿ, ಸಾರ್ಕೀಸರಂಥವರ ಹೋಟೆಲುಗಳಲ್ಲಿ ಅಡುಗೆ ಮಾಡಿದವರು, ಬಡಿಸಿದವರು ಬಹುಪಾಲು ಹೈನಾನ್ ದ್ವೀಪದ ಚೀನೀಯರು. ಇತರ ಚೀನೀಯರಿಗಿಂತ ತಡವಾಗಿ ಬಂದವರು ಇವರು. ಅಷ್ಟರಲ್ಲಿ ಒಳ್ಳೆಯ ವ್ಯಾಪಾರಗಳೆಲ್ಲ ಹೊಕ್ಕಿಯೆನ್, ತಿಯೊಚ್ಯೂ, ಕ್ಯಾಂಟನೀಸ್ ಮಂದಿಯ ಕೈಯಲ್ಲಿದ್ದವು. ಉಳಿದದ್ದು ಪರರ ಅಡುಗೆಮನೆ. ಅಲ್ಲಿ ಕಲಿತದ್ದನ್ನು ತಮ್ಮ ಕೈಗುಣಕ್ಕೆ ಒಗ್ಗಿಸಿಕೊಂಡರು. ಆರ್ಥಿಕ ಕುಸಿತ ಬಂದು, ಯುದ್ಧ ಬಂದು, ದೊರೆಗಳ ಮನೆಗಳು ಮುಚ್ಚಿದ ಮೇಲೆ ತಾವೇ ಕಾಫಿ ಅಂಗಡಿ ತೆರೆದರು. ಹೊಲ ಸಾಲದೆ, ಹೊಟ್ಟೆ ತುಂಬದೆ ಮುಂಬಯಿಗೆ ಹೋದ ನಮ್ಮ ಹುಡುಗರ ದಾರಿ ಇದಕ್ಕಿಂತ ಬೇರೆಯಲ್ಲ. ಇ ಅಂಡ್ ಓ ಗೋಡೆಯ ಮೇಲೆ ಅಲ್ಲಿ ತಂಗಿದ್ದ ಲೇಖಕರ, ನಟರ ಚಿತ್ರಗಳಿವೆ. ಅವರಿಗೆ ಉಣಬಡಿಸಿದವರ ಚಿತ್ರಗಳಿಗಾಗಿ ನಾನು ಕಣ್ಣಾಡಿಸುತ್ತಲೇ ಇದ್ದೆ.

ಅಂಗಡಿಯ ಮುದುಕ ಕಾಫಿ ಮಾಡುವುದನ್ನು ನೋಡಲು ಅಪ್ಪಯ್ಯ ಎದ್ದೇ ಹೋದರು. ಇಲ್ಲಿ ಕಾಫಿಬೀಜವನ್ನು ಸಕ್ಕರೆ, ಬೆಣ್ಣೆಯಂಥ ಜಿಡ್ಡು ಹಾಕಿ ಕಪ್ಪಾಗುವವರೆಗೆ ಹುರಿಯುತ್ತಾರೆ. ಉದ್ದ ಮೂತಿಯ ಪಾತ್ರೆಗೆ ಬಟ್ಟೆಯ ಚೀಲ ಇಳಿಬಿಟ್ಟು ಕುದಿನೀರು ಹೊಯ್ಯುತ್ತಾರೆ. ಮುದುಕನಿಗೆ ಅಪ್ಪಯ್ಯನ ಭಾಷೆ ಬಾರದು, ಅಪ್ಪಯ್ಯನಿಗೆ ಅವನದು ಬಾರದು. ಅಪ್ಪಯ್ಯ ಗಾಳಿಯಲ್ಲೇ ಎರಡು ಕೈಗಳಿಂದ ಚೀಲ ಎತ್ತಿ ಹಿಂಡಿ, ಲೋಟದಿಂದ ಲೋಟಕ್ಕೆ ಕಾಫಿ ಎತ್ತಿ ಹೊಯ್ದು ತೋರಿಸಿದರು. ಮುದುಕ ಒಂದು ಗಳಿಗೆ ನೋಡಿ, ಪಕ್ಕಕ್ಕೆ ಸರಿದು, ಪಾತ್ರೆಯನ್ನು ಅವರ ಕೈಗೇ ಕೊಟ್ಟ. ಗಲ್ಲೆಗೆ ಬಡ್ತಿ ಪಡೆದ ಮೇಲೆ ಅಪ್ಪಯ್ಯ ಅಂಗಡಿ ಕಾಫಿ ಮಾಡಿದ್ದು ಇದೇ ಮೊದಲು. ಕೈ ನಡುಗಲಿಲ್ಲ. ನನ್ನ ಲೋಟಕ್ಕೆ ಬಂದದ್ದು ಅದೇ ಕಾಫಿ. ಕೊಂಚ ಕಹಿ, ಸುಟ್ಟ ಸಕ್ಕರೆಯ ಘಮ, ತಳದಲ್ಲಿ ಗಟ್ಟಿ ಡಬ್ಬಿಹಾಲು. ಕೆಂಡದ ಮೇಲೆ ಕಾಯಿಸಿದ ಬ್ರೆಡ್ಡಿಗೆ ಕಾಯಾ ಎಂಬ ತೆಂಗಿನ ಹಾಲಿನ ಜಾಮ್ ಹಚ್ಚಿಕೊಡುತ್ತಾರೆ. ಅದರಲ್ಲಿ ಮೊಟ್ಟೆಯಿರುವುದರಿಂದ ಅಪ್ಪಯ್ಯ ಬೆಣ್ಣೆಯನ್ನಷ್ಟೇ ಹಚ್ಚಿಸಿಕೊಂಡರು.

ಅಲ್ಲಿಂದ ಮುಂಟ್ರಿ ಬೀದಿಯ ಹೈನಾನ್ ಗುಡಿಗೆ ಹೋದೆವು. ಕಡಲ ಯಾತ್ರಿಕರನ್ನು ಕಾಯುವ ಮಾಝು ದೇವಿಯ ಗುಡಿ ಅದು. ಅಪ್ಪಯ್ಯ ಹುಂಡಿಗೆ ಹಣ ಹಾಕಿದರು.

ಸಂಜೆ ಹೋಟೆಲಿನ ಚಹಾ: ಮೂರು ಅಂತಸ್ತಿನ ತಟ್ಟೆ, ಬೆರಳುದ್ದದ ಸ್ಯಾಂಡ್‌ವಿಚ್ಚುಗಳು. ಈ ಹೋಟೆಲನ್ನು ಬಹುಕಾಲ ನಡೆಸಿದವನು ಕಿರಿಯ ತಮ್ಮ ಅರ್ಷಾಕ್. ತಲೆಯ ಮೇಲೆ ವಿಸ್ಕಿಯ ಗ್ಲಾಸು ನಿಲ್ಲಿಸಿಕೊಂಡು ನೃತ್ಯ ಮಾಡುತ್ತಿದ್ದ, ಕೈ ಬರಿದಾದ ತೋಟದ ದೊರೆಗಳ ಬಿಲ್ಲನ್ನು ಬಿಟ್ಟುಬಿಡುತ್ತಿದ್ದ ಎಂದು ಅವನ ಬಗ್ಗೆ ಹೇಳುತ್ತಾರೆ. 1920ರ ದಶಕದಲ್ಲಿ ಸಾಲ ಮಾಡಿ ಕಟ್ಟಡವನ್ನು ಹಿಗ್ಗಿಸಿದ. ರಬ್ಬರ್, ತವರಗಳ ಬೆಲೆ ಕುಸಿಯಿತು. 1931ರಲ್ಲಿ ಅವನು ತೀರಿಕೊಂಡ, ಸಾರ್ಕೀಸ್ ಸಂಸ್ಥೆ ಅದೇ ವರ್ಷ ದಿವಾಳಿಯಾಯಿತು. ಇದನ್ನೆಲ್ಲ ಕೇಳಿದ ಅಪ್ಪಯ್ಯ, "ಸಾಲ ಬರೆದುಕೊಳ್ಳದವನು ಒಳ್ಳೆಯ ಮನುಷ್ಯ. ಆದರೆ ಗಲ್ಲೆಯಲ್ಲಿ ಕೂರಬೇಕಾದವನಲ್ಲ" ಎಂದರು. ಅವರ ದನಿಯಲ್ಲಿ ಅರ್ಷಾಕನ ಮೇಲೆ ಮರುಕವಿತ್ತು.

ನಾಲ್ಕನೆಯ ದಿನ, ಸಿಂಗಪುರ

ಒಂದೂವರೆ ಗಂಟೆಯ ವಿಮಾನ. ರಾಫಲ್ಸಿನ ಬಾಗಿಲಲ್ಲಿ ಬಿಳಿ ಸಮವಸ್ತ್ರದ ಎತ್ತರದ ಸಿಖ್ ದ್ವಾರಪಾಲಕ. ಅಪ್ಪಯ್ಯ ಮುಂಬಯಿ ಹಿಂದಿಯಲ್ಲಿ ಅವನ ಊರು ಕೇಳಿ, ಮನೆಮಂದಿಯ ಆರೋಗ್ಯ ವಿಚಾರಿಸಿ ಆಮೇಲೆಯೇ ಒಳಗೆ ಕಾಲಿಟ್ಟರು.

ಬೀಚ್ ರೋಡಿನ ಮೇಲಿದ್ದರೂ ಈ ಹೋಟೆಲಿಗೆ ಈಗ ಸಮುದ್ರ ಕಾಣುವುದಿಲ್ಲ. ಹೋಟೆಲ್ ಆರಂಭವಾದಾಗ ಎದುರಿಗೇ ಅಲೆಗಳಿದ್ದವು. ಮಣ್ಣು ತುಂಬಿ ತುಂಬಿ ಸಿಂಗಪುರ ಕಡಲನ್ನು ದೂರ ತಳ್ಳಿದೆ. ಹತ್ತು ಕೋಣೆಗಳ ಬಂಗಲೆಯಾಗಿ ಶುರುವಾದದ್ದು, 1899ರಲ್ಲಿ ಈಗಿನ ಮುಖ್ಯ ಕಟ್ಟಡ ಎದ್ದಿತು. ವಿದ್ಯುತ್ ದೀಪ, ವಿದ್ಯುತ್ ಪಂಖಗಳು ಬಂದವು. 1987ರಲ್ಲಿ ಸರ್ಕಾರ ಇದನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿತು. 2019ರಲ್ಲಿ ಮುಗಿದ ಜೀರ್ಣೋದ್ಧಾರದ ಬಳಿಕ 115 ಸೂಟುಗಳಿವೆ. ಒಂದು ರಾತ್ರಿಯ ಬಾಡಿಗೆ ನಮ್ಮ ಎಪ್ಪತ್ತು ಸಾವಿರ ರೂಪಾಯಿ ದಾಟಿತು. ಅಪ್ಪಯ್ಯನಿಗೆ ಅದನ್ನು ಹೇಳಲಿಲ್ಲ. ಜಗಲಿ, ಕೂರುವ ಕೋಣೆ, ಮಲಗುವ ಕೋಣೆ, ಬಚ್ಚಲು, ಎಲ್ಲವೂ ಸಾಲಾಗಿ ಒಂದರ ಹಿಂದೊಂದು. ಮೇಲೆ ಎತ್ತರದ ಚಾವಣಿ, ನಿಧಾನಕ್ಕೆ ತಿರುಗುವ ಪಂಖ. ತೇಗದ ನೆಲದ ಮೇಲೆ ಬರಿಗಾಲಲ್ಲಿ ನಡೆದ ಅಪ್ಪಯ್ಯ "ಇದು ತಣ್ಣಗಿನ ಮನೆ" ಎಂದು ಮೆಚ್ಚಿದರು.

ಸಂಜೆ ಲಾಂಗ್ ಬಾರ್. ಅಪ್ಪಯ್ಯ ಮದ್ಯ ಮುಟ್ಟುವವರಲ್ಲ. ಆದರೂ ಬರಬೇಕೆಂದು ನಾನು ಒತ್ತಾಯಿಸಿದ್ದಕ್ಕೆ ಕಾರಣ ಒಂದು ಹೆಸರು: ಙಿಯಾಮ್ ಟೊಂಗ್ ಬೂನ್. ನಮ್ಮ ವರ್ಣಮಾಲೆಯಲ್ಲಿ ಎಲ್ಲರೂ ಕಲಿತು ಯಾರೂ ಬಳಸದ ಙ ಅಕ್ಷರಕ್ಕೆ ಕೊನೆಗೂ ಒಬ್ಬ ಮನುಷ್ಯ ಸಿಕ್ಕಿದ್ದಾನೆ! ಇವನೂ ಹೈನಾನಿನವನು, ಇಲ್ಲಿ ಮದ್ಯ ಬೆರೆಸುವ ಕೆಲಸದಲ್ಲಿದ್ದ. ಹೆಂಗಸರು ಎಲ್ಲರೆದುರು ಮದ್ಯ ಕುಡಿಯುವುದು ಸಲ್ಲದೆಂಬ ಕಾಲ. ನೋಡಲು ಹಣ್ಣಿನ ರಸದಂತೆ ಕಾಣುವ ಸಿಂಗಪುರ್ ಸ್ಲಿಂಗ್ ಎಂಬ ಪಾನೀಯವನ್ನು ಅವನು 1915ರಲ್ಲಿ ಬೆರೆಸಿದನೆಂಬುದು ಹೋಟೆಲಿನ ಹೆಮ್ಮೆ. ಜಿನ್, ಚೆರ್ರಿ ಮದ್ಯ, ಅನಾನಸ್ ರಸ, ನಿಂಬೆ, ಇನ್ನೂ ನಾಲ್ಕಾರು ಬಗೆ. ಗುಲಾಬಿ ಬಣ್ಣ, ಮೇಲೆ ಬಿಳಿ ನೊರೆ. ಗ್ಲಾಸೊಂದಕ್ಕೆ ಸುಮಾರು ಮೂರು ಸಾವಿರ ರೂಪಾಯಿ. ನನಗೆ ಸಿಹಿ ಹೆಚ್ಚೆನಿಸಿತು. ಆದರೆ ಇಷ್ಟು ದೊಡ್ಡ ಹೋಟೆಲು ತನ್ನ ಕೆಲಸಗಾರನೊಬ್ಬನ ಹೆಸರನ್ನು ನೂರು ವರ್ಷ ಕಾಪಾಡಿಕೊಂಡು ಬಂದಿದೆ. ಅದಕ್ಕಾಗಿ ಆ ಗ್ಲಾಸನ್ನು ಕೊನೆಯ ಹನಿಯವರೆಗೆ ಗೌರವದಿಂದ ಕುಡಿದೆ.

ಈ ಬಾರಿನಲ್ಲಿ ಇನ್ನೊಂದು ಪದ್ಧತಿಯಿದೆ. ಮೇಜಿನ ಮೇಲೆ ಗೋಣಿಚೀಲದಲ್ಲಿ ಸಿಪ್ಪೆಸಹಿತ ಕಡಲೆಕಾಯಿ ಇಟ್ಟಿರುತ್ತಾರೆ. ಸುಲಿದು ತಿಂದು ಸಿಪ್ಪೆಯನ್ನು ನೆಲಕ್ಕೆ ಎಸೆಯಬೇಕು. ಕಸ ಹಾಕಿದರೆ ದಂಡ ವಿಧಿಸುವ ಊರಿನಲ್ಲಿ ಇಲ್ಲಿ ಮಾತ್ರ ಅನುಮತಿ. ಸುತ್ತಲಿನವರು ನಗುತ್ತ ಎಸೆಯುತ್ತಿದ್ದರು, ಕಾಲಡಿಯಲ್ಲಿ ಸಿಪ್ಪೆ ಚರಪರ ಎನ್ನುತ್ತಿತ್ತು. ಅಪ್ಪಯ್ಯ ಕಡಲೆಕಾಯಿ ಸುಲಿದರು, ತಿಂದರು, ಸಿಪ್ಪೆಯನ್ನು ಮೇಜಿನ ಅಂಚಿನಲ್ಲಿ ಗುಡ್ಡೆ ಮಾಡಿದರು. ಬಡಿಸುವ ಹುಡುಗಿ ನಗುಮುಖದಿಂದ ನೆಲ ತೋರಿಸಿದಳು. ಅಪ್ಪಯ್ಯ ತಲೆಯಾಡಿಸಿದರು. ಇಲ್ಲಿ ಹಾಗೆಯೇ ಪದ್ಧತಿ ಎಂದು ನಾನೂ ಹೇಳಿದೆ.

"ಪದ್ಧತಿ ಇರಬಹುದು ಮಾಣಿ. ಬೆಳಿಗ್ಗೆ ಗುಡಿಸುವವನು ಒಬ್ಬ ಇದ್ದಾನಲ್ಲ."

ಮೂರು ವರ್ಷ ಇನ್ನೊಬ್ಬರ ಎಂಜಲು ಬಳಿದ ಕೈಗಳು ಅವು. ನನ್ನ ಕಾಲಡಿಯ ಸಿಪ್ಪೆಗಳನ್ನು ಬಗ್ಗಿ ಆರಿಸಿ ಗುಡ್ಡೆಗೆ ಸೇರಿಸಿದೆ. ಹುಡುಗಿ ಹೋಗಿ ಒಂದು ಬಟ್ಟಲು ತಂದಿಟ್ಟಳು.

ಐದನೆಯ ದಿನ

ಹಗಲು ಹೋಟೆಲಿನ ಅಂಗಳಗಳಲ್ಲೇ ಕಳೆಯಿತು. 1902ರಲ್ಲಿ ಪ್ರದರ್ಶನದಿಂದ ತಪ್ಪಿಸಿಕೊಂಡ ಹುಲಿಯೊಂದು ಇಲ್ಲಿನ ಬಿಲಿಯರ್ಡ್ಸ್ ಕೋಣೆಯ ಅಡಿಯಲ್ಲಿ ಗುಂಡಿಗೆ ಬಲಿಯಾದ ಕತೆಯನ್ನು ಎಲ್ಲರೂ ಹೇಳುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಕತೆ. 1942ರ ಫೆಬ್ರುವರಿ 15ರಂದು ಸಿಂಗಪುರ ಜಪಾನೀಯರ ವಶವಾಯಿತು. ಅದಕ್ಕೆ ಮೊದಲು ಕೆಲಸಗಾರರು ಹೋಟೆಲಿನ ಬೆಳ್ಳಿ ಪಾತ್ರೆಗಳನ್ನು, ಮಾಂಸ ಬಡಿಸುವ ಬೆಳ್ಳಿಯ ತಳ್ಳುಬಂಡಿಯನ್ನೂ ಪಾಮ್ ಕೋರ್ಟ್ ಅಂಗಳದಲ್ಲಿ ಹೂತಿಟ್ಟರಂತೆ. ಹೋಟೆಲಿಗೆ ಸ್ಯೋನಾನ್ ರ‍್ಯೋಕಾನ್ ಎಂಬ ಜಪಾನೀ ಹೆಸರು ಬಿತ್ತು, ಅಧಿಕಾರಿಗಳ ಬಿಡಾರವಾಯಿತು. ಯುದ್ಧ ಮುಗಿದ ಮೇಲೆ ಸೆರೆಯಿಂದ ಬಿಡುಗಡೆಯಾದವರ ತಂಗುದಾಣವಾಯಿತು. ಯಜಮಾನರು ಓಡಿಹೋದಾಗ ಯಜಮಾನರ ಬೆಳ್ಳಿಯನ್ನು ಮಣ್ಣಿನಡಿ ಕಾದವರ ಬಗ್ಗೆ ಅಪ್ಪಯ್ಯ ಏನನ್ನೂ ಹೇಳಲಿಲ್ಲ. ತಾಳೆಮರಗಳ ನಡುವೆ ಎರಡು ಸುತ್ತು ನಡೆದು ಬಂದರು.

ರಾತ್ರಿ ಟಿಫಿನ್ ರೂಮಿನಲ್ಲಿ ಊಟ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದಲೂ ಇರುವ ಹೆಸರು ಅದು. ಈಗ ಉತ್ತರ ಭಾರತದ ಅಡುಗೆ ಮಾಡುತ್ತಾರೆ. ಅಂತಸ್ತಿನ ಡಬ್ಬಿಗಳಲ್ಲಿ ಪಲ್ಯಗಳು ಬಂದವು. ಕಪ್ಪು ಉದ್ದಿನ ದಾಲ್ ಎಷ್ಟು ಹೊತ್ತು ಕೆಂಡದ ಮೇಲಿತ್ತೋ, ಬೆಣ್ಣೆಯೂ ಬೇಳೆಯೂ ಬೇರೆಯಾಗಿ ಉಳಿದಿರಲಿಲ್ಲ. ಪ್ರವಾಸದ ಅತ್ಯುತ್ತಮ ಊಟ ಇದೇ ಎಂದು ನಾನು ತೀರ್ಮಾನಿಸಿದೆ. ಅಪ್ಪಯ್ಯನೂ ಎರಡು ಸಲ ಬಡಿಸಿಕೊಂಡರು. ಮುಗಿದ ಕೂಡಲೇ ಅಭ್ಯಾಸಬಲದಿಂದ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಲು ಹೊರಟರು. ಬಡಿಸುವಾತ ಬಹಳ ಮೃದುವಾಗಿ, "ಸರ್, ದಯವಿಟ್ಟು ಬಿಡಿ" ಎಂದು ತಡೆದ. ಅಪ್ಪಯ್ಯ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡರು. ಆಮೇಲೆ ಆ ಕೈಗಳಿಗೆ ಏನು ಮಾಡಬೇಕೆಂದು ತಿಳಿದಂತಿರಲಿಲ್ಲ.

"ಟಿಫಿನ್ ರೂಮ್ ಎಂದರೆ ನನಗೆ ಮಾವಳ್ಳಿಯದು" ಎಂದರು ಮಲಗುವ ಮುನ್ನ.

ಆರನೆಯ ದಿನ

ಹಾಗಾಗಿ ಕೊನೆಯ ಬೆಳಿಗ್ಗೆ ಸೆರಂಗೂನ್ ರಸ್ತೆಯ ಎಂ.ಟಿ.ಆರ್.ಗೆ ಹೋದೆವು. ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸಿನ ಸಿಂಗಪುರದ ಶಾಖೆ.

ಇವರದೂ ಅಣ್ಣತಮ್ಮಂದಿರದೇ ಕತೆ. ನಮ್ಮೂರಿನಿಂದ ಸ್ವಲ್ಪವೇ ದೂರದ ಪಾರಂಪಳ್ಳಿಯಿಂದ ಅಡುಗೆ ಕೆಲಸಕ್ಕೆಂದು ಬೆಂಗಳೂರಿಗೆ ಹೋದ ಮಯ್ಯ ಸಹೋದರರು 1924ರಲ್ಲಿ ಸಣ್ಣ ಹೋಟೆಲ್ ತೆರೆದರು. ಅವರಲ್ಲಿ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪು ಸುತ್ತಿ ಬಂದರು. ಅಲ್ಲಿನ ಹೋಟೆಲುಗಳ ಶುಚಿ ನೋಡಿ, ತಮ್ಮಲ್ಲಿ ಲೋಟ ತಟ್ಟೆಗಳನ್ನು ಹಬೆಯಲ್ಲಿ ತೊಳೆಯುವ ಕ್ರಮ ತಂದರು. ಐದು ಬೆರಳು ಐದು ಲೋಟದೊಳಗೆ ಅದ್ದಿ ತರುವ ಅಭ್ಯಾಸವನ್ನು ಮುಂಬಯಿಯಲ್ಲಿ ತಮ್ಮ ಯಜಮಾನರು ಬಿಡಿಸಿದ್ದು ಮಯ್ಯರ ಉದಾಹರಣೆ ಹೇಳಿಯೇ ಎಂದು ಅಪ್ಪಯ್ಯ ನೆನಪಿಸಿಕೊಂಡರು.

ರವೆ ಇಡ್ಲಿ ಬಂತು. ಗೋಡಂಬಿ, ಪುಟ್ಟ ಬಟ್ಟಲಲ್ಲಿ ತುಪ್ಪ, ಆಲೂಗಡ್ಡೆ ಸಾಗು, ಚಟ್ನಿ. ತಿನ್ನುತ್ತ ಹೊಳೆಯಿತು: ರಾಫಲ್ಸಿನ ಬೆಳ್ಳಿ ಮಣ್ಣಿನಡಿಯಿದ್ದ ಕಾಲಕ್ಕೇ ಈ ಇಡ್ಲಿ ಹುಟ್ಟಿದ್ದು. ಸಿಂಗಪುರದ ಹಿಂದೆಯೇ, 1942ರ ಮಾರ್ಚಿನಲ್ಲಿ, ಸಾರ್ಕೀಸರ ಮೂರನೆಯ ಹೋಟೆಲಿದ್ದ ರಂಗೂನೂ ಜಪಾನೀಯರ ಪಾಲಾಯಿತು. ಬರ್ಮಾದ ಅಕ್ಕಿ ಭಾರತಕ್ಕೆ ಬರುವುದು ನಿಂತಿತು. ಅಕ್ಕಿ ಸಿಗದೆ ಇಡ್ಲಿ ಮಾಡುವುದು ಹೇಗೆಂದು ಮಾವಳ್ಳಿಯ ಅಡುಗೆಮನೆಯಲ್ಲಿ ರವೆಯನ್ನು ಮೊಸರಿನಲ್ಲಿ ಕಲಸಿ ನೋಡಿದರು. ಅದನ್ನು ಅಪ್ಪಯ್ಯನಿಗೆ ಹೇಳಿದೆ. ಅವರು ಇಡ್ಲಿಯ ಇನ್ನೊಂದು ತುಂಡು ಮುರಿದು ತುಪ್ಪದಲ್ಲಿ ಅದ್ದಿದರು. "ಯುದ್ಧದ ಇಡ್ಲಿಯನ್ನು ಯುದ್ಧ ನಡೆದ ಊರಿನಲ್ಲಿ ತಿಂದೆವು" ಎಂದರು. ಮತ್ತೆ ಕಾಫಿ ಹೇಳಿದರು. ಒಂದು ಕಾಫಿ, ಇಬ್ಬರಿಗೆ ಬೈಟು.

ಕುಡಿದು ಮುಗಿದ ಮೇಲೆ ಲೋಟದೊಳಗೆ ಲೋಟ ಇಟ್ಟರು. ಬಟ್ಟಲುಗಳನ್ನು ತಟ್ಟೆಗೆ ಎತ್ತಿ, ತಟ್ಟೆಯ ಮೇಲೆ ತಟ್ಟೆ ಜೋಡಿಸಿ, ಚಮಚಗಳನ್ನು ಒಂದೇ ದಿಕ್ಕಿಗೆ ತಿರುಗಿಸಿದರು. ಮೇಜು ಒರೆಸಲು ಬಂದ ಹುಡುಗ ತಡೆಯಲಿಲ್ಲ. ಅಪ್ಪಯ್ಯ ಎತ್ತಿ ಕೊಟ್ಟದ್ದನ್ನು ಎಡಗೈಯಲ್ಲಿ ತೆಗೆದುಕೊಂಡು, ಅವರ ಮುಖವನ್ನೊಮ್ಮೆ ನೋಡಿ ಕೇಳಿದ, "ಯಾವ ಹೋಟೆಲಿನಲ್ಲಿದ್ದಿರಿ?"